ನಲವತ್ತನೆಯ ನಿಮಿಷ

ಕುಣಿಗಲ್ ರಸ್ತೆಯಲ್ಲಿ ನಮ್ಮ ಎಂ.ಡಿ.ಯವರ ಜಮೀನಿನ ನಡುವೆ ಒಂದು ಸಣ್ಣ ರನ್‌ವೇ ಇದೆ, ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನವೊಂದಿದೆ ಎಂದರೆ ತುಮಕೂರಿನಲ್ಲೇ ಬಹಳ ಜನ ನಂಬುವುದಿಲ್ಲ. ಕಳೆದ ತಿಂಗಳು ಅದನ್ನು ಕೊಳ್ಳುವ ಮನಸ್ಸಿನಿಂದ ಬಂದವರಿಗೆ ಅದರ ರಿಪೇರಿಯ ಹಳೆಯ ಪುಸ್ತಕಗಳನ್ನು ತೋರಿಸುತ್ತ ಕೂತಿದ್ದೆ. ಅವರಲ್ಲೊಬ್ಬರು ಪುಟ ಮಗುಚುತ್ತ, "ಈ ಎಂಜಿನಿಯರ್ ಈಗ ಎಲ್ಲಿದ್ದಾರೆ?" ಎಂದು ಕೇಳಿದರು. ತೀರಿಕೊಂಡು ವರ್ಷವಾಯಿತು ಎಂದೆ. ಅವರು ಆ ಪುಟವನ್ನೇ ಇನ್ನೊಮ್ಮೆ ಓದಿದರು. ಯಾವ ಪುಟ ಎಂದು ನಾನು ಬಗ್ಗಿ ನೋಡಬೇಕಾಗಿರಲಿಲ್ಲ.

ನಾನು ಹಿರೇಹಳ್ಳಿಯ ಪಂಪ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುವವಳು. ಬಿ.ಕಾಂ. ಮುಗಿಸಿ ಸೇರಿದಾಗ ನಟ್ಟು, ಬೇರಿಂಗುಗಳ ಚೀಟಿ ಬರೆಯುವುದು ಬಿಟ್ಟರೆ ಯಂತ್ರಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಕಾರ್ಖಾನೆಯ ಮಾಲೀಕರಾದ ಎಂ.ಡಿ.ಯವರು ಐವತ್ತರ ಹತ್ತಿರ ಬಂದಾಗ ವಿಮಾನ ಕೊಂಡರು. ವಿಮಾನ ಇತ್ತು, ಹಾರಿಸುವ ಲೈಸೆನ್ಸ್ ಅವರಿಗಿರಲಿಲ್ಲ. ಅದಕ್ಕೊಬ್ಬ ಪೈಲಟ್ ಬಂದ. ಪೈಲಟ್ ಬಂದ ಮೇಲೆ ವಿಮಾನವನ್ನು ನೋಡಿಕೊಂಡು, ಹಾರಬಹುದು ಎಂದು ಸಹಿ ಹಾಕುವ ಲೈಸೆನ್ಸಿನ ಎಂಜಿನಿಯರ್ ಬೇಕಾದರು. ಹಾಗೆ ಬಂದವರು ಇವರು. ಬೆಂಗಳೂರಿನಲ್ಲಿ ವಿಮಾನಗಳ ರಿಪೇರಿಯಲ್ಲೇ ಆಯಸ್ಸು ಕಳೆದು, ನಿವೃತ್ತರಾಗಿ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದರು. ಹುಟ್ಟಿದ್ದು ಗುಬ್ಬಿ ಹತ್ತಿರದ ಹಳ್ಳಿ. ಬಂದ ಮೊದಲ ದಿನವೇ, "ನಂಗೆ ಸ್ಪ್ಯಾನರ್ ಎತ್ತಿಕೊಡೋರು ಬ್ಯಾಡ ಸಾರ್, ಅಕ್ಷರ ಚೆನ್ನಾಗಿರೋರು ಒಬ್ರು ಬೇಕು" ಎಂದರಂತೆ. ಅಂದಿನಿಂದ ವಾರಕ್ಕೆರಡು ದಿನ ಕಾರ್ಖಾನೆಯ ಜೀಪು ನನ್ನನ್ನು ಶೆಡ್ಡಿಗೆ ತಂದು ಬಿಡತೊಡಗಿತು. ಹೀಗೆ ನಾಲ್ಕು ವರ್ಷ.

ಕುಳ್ಳನೆಯ ಆಳು. ತೋಳು ಮಡಿಸಿದ ಬಿಳಿ ಅಂಗಿ; ಬೆಳಿಗ್ಗೆ ಹಣೆಯ ಮೇಲಿದ್ದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಗ್ರೀಸಿನ ಮೊಣಕೈ ತಾಗಿ ಅರ್ಧ ಅಳಿಸಿರುತ್ತಿತ್ತು. ಶೆಟ್ಟಿಹಳ್ಳಿಯಿಂದ ಮೊಪೆಡ್‌ನಲ್ಲಿ ಬರುತ್ತಿದ್ದರು. ಆ ಮೊಪೆಡ್ ವಾರಕ್ಕೊಮ್ಮೆಯಾದರೂ ದಾರಿಯಲ್ಲಿ ಕೈಕೊಡುತ್ತಿತ್ತು. ಅದನ್ನು ತಾವೇ ಬಿಚ್ಚದೆ, ತಳ್ಳಿಕೊಂಡು ಹೋಗಿ ಯಾವುದಾದರೂ ಗ್ಯಾರೇಜಿಗೆ ಬಿಡುತ್ತಿದ್ದರು. ನಾನೊಮ್ಮೆ ನಕ್ಕೆ. "ಅದುಕ್ಕೆ ಪುಸ್ತಕ ಇಲ್ಲ ಕಣಮ್ಮಾ. ಹಿಂದೆ ಯಾರ್ ಏನ್ ಮಾಡವ್ರೋ ಗೊತ್ತಿಲ್ದೆ ನಾನು ಯಾವುದುಕ್ಕೂ ಕೈ ಹಾಕಲ್ಲ" ಎಂದರು.

ಪುಸ್ತಕ ಎಂದರೆ ಅವರಿಗೆ ಅಷ್ಟು. ಸರ್ಕಾರಕ್ಕೆ ತೋರಿಸುವ ಲಾಗ್‌ಬುಕ್ ಇಂಗ್ಲಿಷಿನಲ್ಲಿರುತ್ತಿತ್ತು. ಅದಕ್ಕೂ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಸುತ್ತಿದ್ದರು. ಯಾವುದನ್ನು ಮೊದಲು ಮುಟ್ಟಿದ್ದು, ಏನು ಕಂಡದ್ದು, ಆಮೇಲೆ ಯಾವುದನ್ನು ಬಿಚ್ಚಿದ್ದು, ಹೀಗೆ ಒಂದಾದ ಮೇಲೊಂದು. ಅವರು ರೆಕ್ಕೆಯ ಕೆಳಗೆ ಮಲಗಿಕೊಂಡು ಹೇಳುತ್ತಿದ್ದರು, ನಾನು ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೆ. ಮುಖ್ಯವಲ್ಲ ಅನ್ನಿಸಿದ್ದನ್ನು ನಾನು ಬಿಟ್ಟರೆ ಅವರಿಗೆ ಹೇಗೋ ತಿಳಿಯುತ್ತಿತ್ತು. "ಏನೋ ನುಂಗ್ದೆ ನೀನು. ಬರಿ. ಯಾವುದು ಮುಖ್ಯ ಅಂತ ನಂಗೇ ಇನ್ನೂ ಗೊತ್ತಿಲ್ಲ, ನಿಂಗೆ ಹೆಂಗ್ ಗೊತ್ತಾಯ್ತು?"

ಒಂದು ಆಯುಧಪೂಜೆ ನೆನಪಾಗುತ್ತದೆ. ಎಂ.ಡಿ.ಯವರ ಮನೆಯ ಹೆಂಗಸರೆಲ್ಲ ಬಂದು ವಿಮಾನಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮಂಗಳಾರತಿ ಎತ್ತಿದರು. ಇವರೂ ಕೈಮುಗಿದು ನಿಂತು ಪ್ರಸಾದ ತೆಗೆದುಕೊಂಡರು. ಮರುದಿನ ಪೈಲಟ್ ರನ್‌ವೇಯಲ್ಲಿ ಓಡಿಸಿ ನೋಡಿದರೆ ವೇಗ ತೋರಿಸುವ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಹಾರದೆ ನಿಲ್ಲಿಸಿ ತಂದ. ಇವರು ಮೀಟರನ್ನು ಮುಟ್ಟಲಿಲ್ಲ. ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿಕೊಂಡಿರುವ ಬೆರಳುದ್ದದ ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಎದುರು ಗಾಳಿ ಆ ಕೊಳವೆಗೆ ನುಗ್ಗಿದರೆ ಮುಳ್ಳು ಏಳುತ್ತದೆ. ಯಾರೋ ಅಜ್ಜಿ ಅದನ್ನು ವಿಮಾನದ ಮೂಗು ಎಂದುಕೊಂಡು ಭಕ್ತಿಯಿಂದ ಕುಂಕುಮ ತುಂಬಿದ್ದರು. ಅರ್ಧ ದಿನ ಹಿಡಿಯಿತು, ಅದನ್ನು ಹೊರಗೆ ತೆಗೆಯಲು. ಲಾಗ್‌ಬುಕ್ಕಿನಲ್ಲಿ 'ಹೊರಗಿನ ಪುಡಿ' ಎಂದು ಬರೆಯಲೇ ಎಂದೆ. "ಕುಂಕುಮ ಅಂತ್ಲೇ ಬರಿ. ಮುಂದಿನ್ ವರ್ಷ ಇದುನ್ನ ಓದೋನು ಹಬ್ಬದ್ ಹಿಂದಿನ್ ದಿನವೇ ಕೊಳವೆಗೆ ಬಟ್ಟೆ ಕಟ್ತಾನೆ" ಎಂದರು.

ಅವರಿಗೆ ಹಾರುವುದು ಆಗುತ್ತಿರಲಿಲ್ಲ. ವಿಮಾನ ಏರಿದ ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸಿ ವಾಂತಿ. ಆದರೂ ಯಾವುದೇ ದೊಡ್ಡ ಕೆಲಸ ಮುಗಿದ ಮೇಲಿನ ಮೊದಲ ಹಾರಾಟಕ್ಕೆ ಪೈಲಟ್ ಪಕ್ಕದ ಸೀಟಿನಲ್ಲಿ ಅವರೇ ಕೂರುತ್ತಿದ್ದರು. ಒಂದು ಕೈಯಲ್ಲಿ ನಿಂಬೆಹಣ್ಣು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಇಳಿದು ಬಂದು ಬಾಯಿ ಮುಕ್ಕಳಿಸಿ, ನನ್ನ ಎದುರು ಸಹಿ ಹಾಕುತ್ತಿದ್ದರು.

ಪೈಲಟ್ ಗುಬ್ಬಿಯವನೇ. ಇಪ್ಪತ್ತೇಳು ವರ್ಷ, ಮಾತು ಕಡಿಮೆ. ಅವನ ತಂದೆ ಬಸ್ ಕಂಡಕ್ಟರ್ ಆಗಿದ್ದವರು. ಅವನು ವಿಮಾನ ಹತ್ತುವ ಮೊದಲು ಸುತ್ತಲೂ ನಡೆದು ಒಂದೊಂದನ್ನೂ ಮುಟ್ಟಿ ನೋಡುವುದನ್ನು ಇವರು ದೂರದಿಂದ ಗಮನಿಸುತ್ತಿದ್ದರು. "ಇವ್ನ ಕೈ ಚೆನ್ನಾಗೈತೆ" ಎಂದು ಒಮ್ಮೆ ನನಗೆ ಹೇಳಿದರು; ಅವನಿಗೆ ಹೇಳಲಿಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಆ ಘಟನೆ ನಡೆಯಿತು. ವಿಮಾನದ ವಾರ್ಷಿಕ ತಪಾಸಣೆ ಮುಗಿದು ತಿಂಗಳಾಗಿತ್ತು. ಆ ತಿಂಗಳಲ್ಲಿ ಅದು ಹಾರಿದ್ದು ನಾಲ್ಕೇ ಸಲ, ಒಂದೊಂದು ಸಲವೂ ಅರ್ಧ ಗಂಟೆಯೊಳಗೆ. ಅವತ್ತು ಎಂ.ಡಿ.ಯವರು ದೇವರಾಯನದುರ್ಗದ ಬೆಟ್ಟವನ್ನು ಮೇಲಿನಿಂದ ನೋಡಬೇಕೆಂದು ಹೊರಟರು. ಮೋಡ ಚದುರಿತ್ತು, ಗಾಳಿ ತೇವವಾಗಿತ್ತು. ಬೆಟ್ಟ ಸುತ್ತಿ ಹಿಂದಿರುಗುವಾಗ, ನಮ್ಮ ರನ್‌ವೇ ಹತ್ತಿರದ ಕೆರೆಯ ಮೇಲೆ, ಹೊರಟ ನಲವತ್ತನೆಯ ನಿಮಿಷದಲ್ಲಿ ಎಂಜಿನ್ ಮೂರು ಸಲ ಕೆಮ್ಮಿ ನಿಂತುಹೋಯಿತು. ಪೈಲಟ್ ಮತ್ತೆ ಸ್ಟಾರ್ಟ್ ಮಾಡಲು ನೋಡಿದ, ಆಗಲಿಲ್ಲ. ಎಂಜಿನ್ ಇಲ್ಲದೆ ವಿಮಾನವನ್ನು ಗಾಳಿಯಲ್ಲಿ ತೇಲಿಸಿಕೊಂಡು ಬಂದು ನಮ್ಮ ರನ್‌ವೇಯಲ್ಲೇ ಇಳಿಸಿದ. ಸದ್ದಿಲ್ಲದೆ ಇಳಿದ ವಿಮಾನವನ್ನು ನಾನು ನೋಡಿದ್ದು ಅದೊಂದೇ ಸಲ. ಎಂ.ಡಿ.ಯವರು ಇಳಿದು ಬಂದವರೇ ನೆಲದ ಮೇಲೆ ಕೂತುಬಿಟ್ಟರು.

ಇವರು ಅವತ್ತು ಶೆಟ್ಟಿಹಳ್ಳಿಯ ಮನೆಯಲ್ಲಿದ್ದರು. ಬರುವಷ್ಟರಲ್ಲಿ ವಿಮಾನ ಇಳಿದು ಎರಡು ಗಂಟೆ ಕಳೆದಿತ್ತು. ಬಂದವರು ಸಂಜೆಯವರೆಗೂ ನೋಡಿದರು, ಮರುದಿನವೂ ನೋಡಿದರು. ಪೆಟ್ರೋಲಿನಲ್ಲಿ ನೀರಿಲ್ಲ. ಪೈಪಿನಲ್ಲಿ ಕಸವಿಲ್ಲ. ಪ್ಲಗ್ಗುಗಳಲ್ಲಿ ದೋಷವಿಲ್ಲ. ಎಂಜಿನ್ ಹಚ್ಚಿದರೆ ಮೊದಲ ಎಳೆತಕ್ಕೇ ಹತ್ತಿಕೊಂಡಿತು. ಇಪ್ಪತ್ತು ನಿಮಿಷ ಓಡಿಸಿದರೂ ಒಂದು ಸದ್ದು ತಪ್ಪಲಿಲ್ಲ.

ಇಂಥ ಎಂಜಿನ್‌ಗೆ ಮಳೆಗಾಲದಲ್ಲಿ ಒಂದು ಅಪಾಯವಿದೆ. ತೇವದ ಗಾಳಿಯಿಂದ, ಪೆಟ್ರೋಲು ಗಾಳಿಯೊಡನೆ ಬೆರೆಯುವ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಪೈಲಟ್ ಆಗಾಗ ಒಂದು ಗುಂಡಿ ಎಳೆದು ಬಿಸಿಗಾಳಿ ಬಿಡಬೇಕು. ಮರೆತರೆ ಎಂಜಿನ್ ನಿಲ್ಲುತ್ತದೆ. ಕೆಳಗೆ ಬರುವಷ್ಟರಲ್ಲಿ ಮಂಜು ಕರಗಿ ಗುರುತೇ ಉಳಿಯುವುದಿಲ್ಲ. ಎಂ.ಡಿ.ಯವರಿಗೆ ಯಾರೋ ಫೋನಿನಲ್ಲಿ ಇದನ್ನು ಹೇಳಿದ್ದರು.

"ಗುರುಗಳೇ, ಇವ್ನು ಹೀಟ್ ಎಳೆಯೋದು ಮರ್ತಿದಾನಾ?" ಎಂದು ಎಂ.ಡಿ.ಯವರು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರು. ಪೈಲಟ್ ಅಲ್ಲೇ ಇದ್ದ.

"ಎಳ್ದಿದ್ದೆ ಸಾರ್," ಎಂದ ಅವನು.

"ನಿನ್ನ ಕೇಳ್ಲಿಲ್ಲ. ಗುರುಗಳೇ?"

ಇವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಒರೆಸಿ ಮುಗಿಸಿದ ಮೇಲೆ, "ಎಂಜಿನ್‌ನಲ್ಲಂತೂ ಏನೂ ಕಾಣ್ತಿಲ್ಲ. ಇರಬಹುದು ಸಾರ್," ಎಂದರು.

ಆ ಒಂದು ಮಾತು ಸಾಕಾಯಿತು. ಎಂ.ಡಿ.ಯವರು ಪೈಲಟ್‌ಗೆ ಮರುದಿನದಿಂದ ಬರಬೇಡ ಎಂದರು. ಅವನು ಬೇರೆ ಕಡೆ ಕೆಲಸಕ್ಕೆ ಹಾಕಲು ಪತ್ರ ಕೇಳಿದಾಗ, ಅಜಾಗರೂಕತೆಯಿಂದ ಎಂಜಿನ್ ನಿಂತಿತು ಎಂದು ಸೇರಿಸಿಯೇ ಕೊಡುವುದಾಗಿ ಎಂ.ಡಿ.ಯವರು ಹೇಳಿದರು. ಅಂಥ ಪತ್ರ ಹಿಡಿದು ಹೋದರೆ ಯಾವ ಫ್ಲೈಯಿಂಗ್ ಸ್ಕೂಲೂ ಒಳಗೆ ಬಿಡುವುದಿಲ್ಲ. ಅವನು ಪತ್ರ ಒಯ್ಯಲೇ ಇಲ್ಲ. ಅವನು ನಿಜ ಹೇಳುತ್ತಿದ್ದಾನೆ ಎಂದು ನನಗನ್ನಿಸಿತ್ತು. ಹೇಳುವ ಜಾಗ ನನ್ನದಲ್ಲ ಎಂದುಕೊಂಡು ಸುಮ್ಮನಿದ್ದೆ.

ಆರು ವಾರ ವಿಮಾನ ಶೆಡ್ಡಿನಲ್ಲೇ ನಿಂತಿತು. ವಾರಕ್ಕೊಮ್ಮೆ ಇವರು ಎಂಜಿನ್ ಹಚ್ಚಿ, ಹತ್ತು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದರು. ನೋಟ್‌ಬುಕ್ಕಿನಲ್ಲಿ 'ಕಾರಣ' ಎಂದು ಬರೆದು ಮುಂದೆ ಖಾಲಿ ಬಿಡಿಸಿದ್ದರು. ಆ ಹೊತ್ತಿಗೆ ಬೆಂಗಳೂರಿನಿಂದ ಹೊಸ ಪೈಲಟ್ ಸೋಮವಾರ ಬರುತ್ತಾರೆಂದು ಗೊತ್ತಾಯಿತು. ಅಷ್ಟರೊಳಗೆ ಇವರು ಸಹಿ ಹಾಕಬೇಕು. ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, "ಅವತ್ತಿಂದ ಮಾಡಿದ್ದೆಲ್ಲ ಓದು ತಾಯಿ, ಒಂದೂ ಬಿಡ್ದಂಗೆ" ಎಂದರು.

ಓದಿದೆ. "ಒಂದು: ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಸಿ ಪೆಟ್ರೋಲು ನೋಡಿದ್ದು, ಅರ್ಧಕ್ಕಿಂತ ಮೇಲಿದೆ. ಎರಡು: ತಳದಿಂದ ಗಾಜಿನ ಬಾಟಲಿಗೆ ಇಳಿಸಿ ನೋಡಿದ್ದು, ನೀರಿಲ್ಲ. ಮೂರು: ಪೈಪು ಬಿಚ್ಚಿ ಹರಿವು ನೋಡಿದ್ದು, ಸರಿಯಿದೆ..."

"ಮಾರನೇ ದಿನದ್ದು?"

"ಒಂದು: ಟ್ಯಾಂಕಿನ ಮುಚ್ಚಳ ತೆಗೆದು..."

"ಆಮೇಲಿನ್ ವಾರ?"

"ಒಂದು: ಟ್ಯಾಂಕಿನ ಮುಚ್ಚಳ..."

"ಸಾಕು," ಎಂದರು.

ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ ತಂದರು. ಕಿತ್ತಳೆ ಗಾತ್ರದ ಮುಚ್ಚಳ. ನಡುವೆ ಸೂಜಿ ಹೋಗುವಷ್ಟು ತೂತು. ಪೆಟ್ರೋಲು ಖರ್ಚಾದಂತೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯದೆ ನಿಲ್ಲುತ್ತದಲ್ಲ, ಹಾಗೆ, ಗಾಳಿ ಹೋಗದಿದ್ದರೆ ಪೆಟ್ರೋಲೂ ಇಳಿಯುವುದಿಲ್ಲ. ಅವರು ಮುಚ್ಚಳವನ್ನು ಬಾಯಿಗಿಟ್ಟುಕೊಂಡು ಊದಿದರು. ಕೆನ್ನೆ ಉಬ್ಬಿತು, ಗಾಳಿ ದಾಟಲಿಲ್ಲ. ಮಗುಚಿ ನೋಡಿದರು. ಒಳಗಡೆ ಕಪ್ಪು ರಬ್ಬರಿನ ಬಿಲ್ಲೆ ತೂತಿನ ಮೇಲೆ ಅಂಟಿಕೊಂಡಿತ್ತು. ಉಗುರಿನಿಂದ ಅದನ್ನು ಎಬ್ಬಿಸಿ ಮತ್ತೆ ಊದಿದರು. ಗಾಳಿ ಸರಾಗವಾಗಿ ಹೋಯಿತು.

ಆ ರಬ್ಬರ್ ಬಿಲ್ಲೆ ಹಳೆಯದಲ್ಲ. ವಾರ್ಷಿಕ ತಪಾಸಣೆಯಲ್ಲಿ ಹಳೆಯದು ಬಿರುಕು ಬಿಟ್ಟಿದ್ದರಿಂದ, ಕಂಪನಿಯದು ಬರುವುದು ತಡವೆಂದು, ಹಿರೇಹಳ್ಳಿಯಲ್ಲಿ ರಬ್ಬರ್ ಶೀಟ್ ತರಿಸಿ ತಾವೇ ಕತ್ತರಿಸಿ ಹಾಕಿದ್ದರು. ಶೀಟ್ ತಂದುಕೊಟ್ಟವಳು ನಾನೇ. ನಡುವೆ ತೂತು ಹೊಡೆಯುವುದು ಮರೆತಿತ್ತು. ಪ್ರತಿ ಸಲ ದೋಷ ಹುಡುಕಲು ಹೋದಾಗಲೂ ಮೊದಲು ಮುಚ್ಚಳ ತೆಗೆದು ಗಾಳಿ ಬಿಟ್ಟು, ದೋಷವನ್ನು ತಾವೇ ಕಳೆದು, ಆಮೇಲೆ ಹುಡುಕಿದ್ದರು.

ಅವರು ಸ್ಟೂಲಿನ ಮೇಲೆ ಕೂತರು. "ಆ ಹುಡ್ಗ ಹೀಟ್ ಎಳ್ದಿದ್ದ" ಎಂದರು.

ಊಹೆ ಅವರಿಗೆ ಸಾಲದು. ಶನಿವಾರ ಬೆಳಿಗ್ಗೆ ಅದೇ ಬಿಲ್ಲೆಯನ್ನು ಮತ್ತೆ ಕೂರಿಸಿ, ಬಾಲವನ್ನು ಕಲ್ಲುಕಂಬಕ್ಕೆ ಬಿಗಿದು, ಮುಚ್ಚಳ ತೆಗೆಯದೆ ಎಂಜಿನ್ ಓಡಿಸಿದರು. ನೆಲದ ಮೇಲೆ ಪೆಟ್ರೋಲು ನಿಧಾನವಾಗಿ ಖರ್ಚಾಗುವುದರಿಂದ ಗಂಟೆಯ ಮೇಲಾಯಿತು. ಆಮೇಲೆ ಎಂಜಿನ್ ಕೆಮ್ಮಿತು. ಮೂರು ಸಲ. ನಿಂತಿತು. ಮುಚ್ಚಳ ಸಡಿಲಿಸಿದಾಗ ಗಾಳಿ ಸುಯ್ ಎಂದು ಒಳಗೆ ನುಗ್ಗಿದ್ದು ನನಗೂ ಕೇಳಿಸಿತು. ಎಂಜಿನ್ ನಿಂತ ದಿನ ಇವರು ಎರಡು ಗಂಟೆ ತಡವಾಗಿ ಬಂದಿದ್ದರಿಂದ, ಅಷ್ಟರಲ್ಲಿ ಗಾಳಿ ಸಣ್ಣಗೆ ಒಳಗೆ ಸೋರಿ, ಮುಚ್ಚಳ ತೆಗೆದಾಗ ಈ ಸದ್ದು ಬರದಂತಾಗಿರಬೇಕು.

ಎಂ.ಡಿ.ಯವರು ಬಂದು ಎಲ್ಲ ಕೇಳಿದರು. ಶೆಡ್ಡಿನ ತೊಲೆಗಳ ತುಂಬ ಕಡಜದ ಹುಳ ಮಣ್ಣಿನ ಗೂಡು ಕಟ್ಟಿರುವುದು ಎಲ್ಲರಿಗೂ ಗೊತ್ತಿತ್ತು. ಅದನ್ನು ನೋಡುತ್ತ ಅವರು, "ಗುರುಗಳೇ, ಒಂದ್ ಕೆಲ್ಸ ಮಾಡಿ. ತೂತಿಗೆ ಕಡಜ ಗೂಡು ಕಟ್ಟಿತ್ತು ಅಂತ ಬರ್ದುಬಿಡಿ. ನಾಳೆ ವಿಮಾನ ಮಾರೋವಾಗ ಎಂಜಿನಿಯರ್ ತಪ್ಪು ಅಂತ ಇದ್ರೆ ಯಾರ್ ಮುಟ್ತಾರೆ? ನಿಮ್ ಲೈಸೆನ್ಸಿಗೂ ತೊಂದ್ರೆ" ಎಂದರು. ಕೇಡಿನಿಂದ ಹೇಳಿದ ಮಾತಲ್ಲ ಅದು.

"ಕಡಜ ಏನ್ ಮಾಡಿತ್ತು ಸಾರ್, ಪಾಪ," ಎಂದರು ಇವರು. ನನ್ನ ಕಡೆ ತಿರುಗಿ, "ಬರಿ ತಾಯಿ" ಎಂದರು.

ನಾನು ಎಂ.ಡಿ.ಯವರ ಮುಖ ನೋಡಿದೆ. ನನಗೆ ಸಂಬಳ ಕೊಡುವವರು ಅವರು. ಅವರು ತಿರುಗಿ ಕಾರಿನ ಕಡೆ ನಡೆದರು. ನಾನು ಬರೆದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕಾರಣ: ಕೆಳಗೆ ಸಹಿ ಮಾಡಿರುವವನು ತೂತಿಲ್ಲದ ಬಿಲ್ಲೆ ಹಾಕಿದ್ದು. ಪೈಲಟ್‌ನ ತಪ್ಪು ಯಾವುದೂ ಇಲ್ಲ. ಎರಡನೆಯ ವಾಕ್ಯ ಲಾಗ್‌ಬುಕ್ಕಿನಲ್ಲಿ ಬರೆಯುವಂಥದ್ದಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಬರೆಸಿದರು.

ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು ಭಾನುವಾರ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆವು. ನನ್ನನ್ನು ಯಾಕೆ ಕರೆದರೋ ಕೇಳಲಿಲ್ಲ. ಒಬ್ಬರೇ ಹೋಗಲು ಕಷ್ಟವಾಗಿರಬೇಕು. ಪೈಲಟ್‌ನ ತಾಯಿ ಬಾಗಿಲಿಗೆ ಬಂದು, ಯಾರೆಂದು ತಿಳಿದ ಮೇಲೆ ದಾರಿ ಬಿಡದೆ ನಿಂತರು.

"ನಿಮ್ ಒಂದ್ ಮಾತಿಗೆ ನನ್ ಮಗ ಮನೆ ಬಿಟ್ಟು ಆಚೆ ಹೋಗ್ತಿಲ್ಲ. ಈಗ ಇನ್ನೇನ್ ಹೇಳಕ್ ಬಂದ್ರಿ?"

"ಹೇಳಕ್ಕಲ್ಲಮ್ಮಾ. ಓದ್ಸಕ್ ಬಂದಿವ್ನಿ," ಎಂದರು ಇವರು.

ಆಕೆ ಒಳಗೆ ಬಿಟ್ಟರು. ಪೈಲಟ್ ಬಂದು ಎದುರು ನಿಂತ, ಸೊರಗಿದ್ದ. ಜೆರಾಕ್ಸ್ ಹಾಳೆಯನ್ನು ಅವನ ಕೈಗೆ ಕೊಟ್ಟು ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತರು. ಅವನು ಎರಡು ಸಲ ಓದಿದ.

"ನಾನೇ ಮರ್ತಿದ್ದೆ ಅಂತ ನಂಬ್ಕೊಂಡ್ಬಿಟ್ಟಿದ್ದೆ ಸಾರ್," ಎಂದ. "ಎಳ್ದಿದ್ದು ಕೈಗೆ ನೆನಪಿತ್ತು. ನೀವೇ ಇರಬಹುದು ಅಂದ್ಮೇಲೆ, ಕೈ ಸುಳ್ ಹೇಳ್ತೈತೇನೋ ಅಂತ ಅನುಮಾನ ಬಂತು. ಇನ್ಮೇಲೆ ಹಾರ್ಸದೇ ಬ್ಯಾಡ ಅಂತ ಇದ್ದೆ."

ಇವರ ಬಾಯಿಂದ ಕ್ಷಮಿಸು ಎಂಬ ಮಾತು ಬರಬಹುದು ಎಂದು ನಾನು ಕಾದೆ. ಬಂದದ್ದು ಬೇರೆ: "ಬಿಲ್ಲೆ ಬದಲಾಯ್ಸಿದೀನಿ. ಒಂದ್ ಗಂಟೆ ಹಾರ್ಸಿ ನೋಡ್ದೆ ಸಹಿ ಹಾಕಂಗಿಲ್ಲ. ನಾನು ಕೂರ್ತೀನಿ. ಬೇರೆಯೋರ ಪಕ್ಕ ಕೂರಲ್ಲ ಕಣಪ್ಪಾ. ಬರ್ತೀಯಾ?"

ತಾಯಿ ಬೇಡ ಎಂದರು. ಅವನು ಅಂಗಿ ಬದಲಿಸಲು ಒಳಗೆ ಹೋದ.

ಅಂದೇ ಮಧ್ಯಾಹ್ನ ಹಾರಿದರು. ಅದಕ್ಕೆ ಬೇಕಾದ ಒಪ್ಪಿಗೆಗಳಿಗೆ ಎಂ.ಡಿ.ಯವರೇ ಫೋನ್ ಮಾಡಿದರು ಎಂಬುದನ್ನು ಇಲ್ಲಿ ಹೇಳಬೇಕು. ನಾನು ಶೆಡ್ಡಿನ ಮುಂದೆ ಗಡಿಯಾರ ನೋಡುತ್ತ ನಿಂತಿದ್ದೆ, ಎಂ.ಡಿ.ಯವರು ಕಾರಿನೊಳಗೆ ಕೂತಿದ್ದರು. ಮೂವತ್ತೈದು ನಿಮಿಷವಾದಾಗ ಅವರೂ ಹೊರಗೆ ಬಂದು ನಿಂತರು. ನಲವತ್ತಾಯಿತು. ವಿಮಾನ ಕೆರೆಯ ಕಡೆ ಚುಕ್ಕೆಯಷ್ಟಿತ್ತು. ಸದ್ದು ಸಣ್ಣಗೆ, ಒಂದೇ ಸಮನೆ ಕೇಳುತ್ತಿತ್ತು. ಒಂದು ಗಂಟೆ ಎರಡು ನಿಮಿಷಕ್ಕೆ ಇಳಿದರು. ಇವರು ಬಾಗಿಲು ತೆಗೆದು ಇಳಿದವರೇ ಬೇಲಿಯ ಹತ್ತಿರ ಹೋಗಿ ಬಗ್ಗಿದರು. ಪೈಲಟ್ ನೀರಿನ ಬಾಟಲಿ ಹಿಡಿದು ಹಿಂದೆ ನಿಂತಿದ್ದ. ಬಾಯಿ ತೊಳೆದು ಬಂದು ಸಹಿ ಹಾಕಿದರು.

ಅವನು ಕೆಲಸಕ್ಕೆ ಹಿಂತಿರುಗಲಿಲ್ಲ. ಎಂ.ಡಿ.ಯವರು ಕರೆದರು, ಅವನು ಬರಲಿಲ್ಲ. ಯಾವ ತಕರಾರೂ ಇಲ್ಲದ ಒಳ್ಳೆಯ ಪತ್ರವೊಂದನ್ನು ಕೊಟ್ಟರು. ಅದನ್ನು ಟೈಪ್ ಮಾಡಿದವಳು ನಾನು. ಈಗ ಅವನು ದೂರದ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ಇವರ ಲೈಸೆನ್ಸಿಗೆ ಏನೂ ಆಗಲಿಲ್ಲ. ಒಂದು ವಿಚಾರಣೆ ಬಂತು, ಪುಸ್ತಕ ನೋಡಿದರು, ಹೋದರು. ಇನ್ನೊಂದು ವರ್ಷ ಕೆಲಸ ಮಾಡಿ, "ಈಗ ಕೈ ನಡಗ್ತೈತೆ, ಸಾಕು ಬುಡಮ್ಮಾ" ಎಂದು ತಾವಾಗಿಯೇ ನಿಲ್ಲಿಸಿದರು. ಅವರು ಅಷ್ಟು ಸಲೀಸಾಗಿ ಬಿಟ್ಟದ್ದು ನನಗೆ ಆಶ್ಚರ್ಯವಾಗಿತ್ತು.

ಅವರು ತೀರಿಕೊಂಡ ಮೇಲೆ ಶೆಟ್ಟಿಹಳ್ಳಿಯ ಮನೆಯಲ್ಲಿ ನಡೆದ ಶಿವಗಣಾರಾಧನೆಯ ದಿನ ಪೈಲಟ್ ಬಂದಿದ್ದ. ರಾತ್ರಿಯೆಲ್ಲ ರೈಲಿನಲ್ಲಿ ಬಂದವನು, ಕಣ್ಣು ಕೆಂಪಾಗಿತ್ತು. ಫೋಟೋದ ಮುಂದೆ ಹೂವಿಟ್ಟು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಅವತ್ತು ನಿಮ್ಮ ಮನೆಗೆ ಬಂದಾಗಲೂ ಅವರು ಕ್ಷಮೆ ಕೇಳಲಿಲ್ಲವಲ್ಲ ಎಂದೆ.

"ಮನೇಲಿ ಕೇಳ್ಲಿಲ್ಲ ಅಕ್ಕ," ಎಂದ. "ಮೇಲೆ ಕೇಳಿದ್ರು. ಕೆರೆ ದಾಟ್ತಿದ್ವಿ. ಅವ್ರು ಗಡಿಯಾರ ನೋಡ್ಕೊಂಡು ಕೂತಿದ್ರು. ನಲವತ್ ನಿಮಿಷ ಆಯ್ತು, ಎಂಜಿನ್ ಹಂಗೇ ಓಡ್ತಿತ್ತು. ಆಗ ಚೀಲ ಕೆಳಗಿಟ್ಟು ನನ್ ಕಡೆ ತಿರುಗಿ ಎರಡೂ ಕೈ ಜೋಡಿಸಿ ಮುಗಿದ್ರು. ಸದ್ದಿನಲ್ಲಿ ಮಾತು ಕೇಳ್ತಿರ್ಲಿಲ್ಲ. ನಂಗೋ, ಎರಡೂ ಕೈ ಕಂಟ್ರೋಲ್ ಮೇಲೆ. ಅಷ್ಟ್ ದೊಡ್ಡೋರು ಮುಗೀತಾ ಇದ್ರೆ, ತಿರುಗಿ ಮುಗಿಯಕ್ಕೂ ಆಗ್ಲಿಲ್ಲ. ಮುಂದೆ ನೋಡ್ಕೊಂಡು ಹಾರ್ಸ್ತಾ ಇದ್ದೆ."

ಒಳಗಿನಿಂದ ಊಟಕ್ಕೆ ಕರೆದರು. ಅವನು ಎದ್ದು, ಜನ ದಾಟಿ, ಇನ್ನೊಮ್ಮೆ ಫೋಟೋದ ಹತ್ತಿರ ಹೋದ.